ದಾವಣಗೆರೆ ಸೆಕೆಯಲ್ಲಿ ಹಿಮದ ಆಟ

ಕ್ರಿಸ್‌ಮಸ್ ರಜೆಗೆ ತಂಗಿ ಮಗ ದಾವಣಗೆರೆಗೆ ಬಂದಿದ್ದ. ಇಬ್ಬರೂ ಮೊಬೈಲಲ್ಲಿ ಸ್ನೋಬೋರ್ಡ್ (ಹಲಗೆ ಮೇಲೆ ನಿಂತು ಹಿಮದಲ್ಲಿ ಜಾರೋದು) ಗೇಮ್ ಹಿಡಿದು ಕೂತೆವು. ಸಾಂತಾ ಟೋಪಿ ಹಾಕಿದ ಹುಡುಗ, ದೀಪ ಕಟ್ಟಿದ ಮರಗಳು, ನೋಡೋಕೇ ಖುಷಿ. ಹತ್ತು ನಿಮಿಷ ಆದಮೇಲೆ ಮಾತ್ರ ಪಲ್ಟಿ ಹೊಡೆದಾಗಲೆಲ್ಲ ಹುಡುಗ ತಲೆಕೆಳಗಾಗಿ ಬೀಳುತ್ತಿದ್ದ, ಬೆರಳು ಎತ್ತಿದರೂ ತಿರುಗೋದು ತಕ್ಷಣ ನಿಲ್ಲುತ್ತಿರಲಿಲ್ಲ. ಗೇಮ್ ತೆಗೆದು ಮತ್ತೆ ಹಾಕಿದೆ. ಉಪಯೋಗ ಆಗಲಿಲ್ಲ.

ಫೋನಿನ ಬೆನ್ನು ಮುಟ್ಟಿದರೆ ದೋಸೆ ಹಂಚಿನ ಥರ ಕಾದಿತ್ತು! ಜಾಸ್ತಿ ಬಿಸಿಯಾದರೆ ಪ್ರೊಸೆಸರ್ ತಾನೇ ವೇಗ ಇಳಿಸುತ್ತೆ. ಸೆಕೆಂಡಿಗೆ 60 ಫ್ರೇಮ್, ಅಂದರೆ ಪರದೆ ಮೇಲೆ ಮೂಡೋ ಚಿತ್ರ, ಇದ್ದದ್ದು 30 ಆದರೆ ಒಂದೊಂದು ಫ್ರೇಮಿಗೆ 17ರ ಬದಲು 33 ಮಿಲಿಸೆಕೆಂಡ್ ಬೇಕು, ಅಲ್ಲೇ ಬೆರಳಿನ ತಾಳ ತಪ್ಪೋದು. ಚಾರ್ಜರ್ ಕಿತ್ತೆ, ದಪ್ಪ ಕವರ್ ಬಿಚ್ಚಿದೆ, ವೇಗ ತಗ್ಗಿಸೋ ಬ್ಯಾಟರಿ ಸೇವರ್ ಆಫ್ ಮಾಡಿ ಗೇಮಿನ ಗ್ರಾಫಿಕ್ಸ್ ಗುಣಮಟ್ಟ ಇಳಿಸಿದೆ. ಬೀಳೋ ಹಿಮ ಸ್ವಲ್ಪ ಕಮ್ಮಿಯಾಯ್ತು, ಪರವಾಗಿಲ್ಲ. "ಮಾಮ, ಎರಡು ಪಲ್ಟಿ ಒಟ್ಟಿಗೆ!" ಅಂತ ಅವನು ಕುಣಿದುಬಿಟ್ಟ.