ಟ್ಯಾಕ್ಟಿಕಲ್ ಚಾಕು ಕೊಳ್ಳುವ ಮೊದಲು ಒರೆ ನೋಡಿ

ಆನ್‌ಲೈನಿನಲ್ಲಿ ಮಡಚದ, ಕಪ್ಪು ಬಣ್ಣದ, ಸೈನಿಕರ ಶೈಲಿಯ 'ಟ್ಯಾಕ್ಟಿಕಲ್' ಚಾಕು ಕಂಡರೆ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಹುಡುಗರು ಮೊದಲು ಕೇಳುವುದು ಸ್ಟೀಲ್ ಯಾವುದು ಅಂತ. ಕೇಳಬೇಕಾದದ್ದೇ. ಆದರೆ ನಾನು ಮೊದಲು ಒರೆ ನೋಡುತ್ತೇನೆ. ಚಾಕು ಜಾಸ್ತಿ ಹೊತ್ತು ಇರುವುದು ಅದರೊಳಗೇ ಅಲ್ವಾ?

ಕೈಡೆಕ್ಸ್ ಒರೆ ಅಂದರೆ ಬಿಸಿ ಮಾಡಿ ಅಲಗಿನ ಆಕಾರಕ್ಕೆ ಒತ್ತಿದ ಗಟ್ಟಿ ಪ್ಲಾಸ್ಟಿಕ್. ಚಾಕು 'ಟಕ್' ಅಂತ ಕೂರಬೇಕು. ಹಾಸಿಗೆಯ ಮೇಲೆ ತಲೆಕೆಳಗೆ ಹಿಡಿದು ಜೋರಾಗಿ ಕೊಡವಿ ನೋಡಿ, ಬಿದ್ದರೆ ವಾಪಸ್ ಕಳಿಸಿ. ಅತಿ ಬಿಗಿಯೂ ಅಪಾಯವೇ, ಜಗ್ಗಿ ಎಳೆದಾಗ ಚಾಕು ಒಮ್ಮೆಲೇ ಕಳಚಿಕೊಂಡು ಕೈ ಎಲ್ಲಿಗೋ ಹಾರುತ್ತದೆ. ಹೆಬ್ಬೆರಳಿಂದ ಒರೆಯ ಬಾಯನ್ನು ತಳ್ಳಿದರೆ ಸಲೀಸಾಗಿ ಬರಬೇಕು, ಅದೂ ಒದ್ದೆ ಕೈಯಲ್ಲಿ. ತುದಿಯಲ್ಲಿ ನೀರು ಇಳಿಯಲು ತೂತು ಇದೆಯಾ ನೋಡಿ, ನಮ್ಮ ಮಳೆಗಾಲಕ್ಕೆ ಅದಿಲ್ಲದ ಒರೆ ಬೇಡವೇ ಬೇಡ. ಇನ್ನೊಂದು, ಮುರಕಲ್ಲಿನ (ಕೆಂಪು ಕಲ್ಲಿನ) ಪುಡಿ ಒಳಗೆ ಸೇರಿದರೆ ಪ್ರತಿ ಸಲ ಎಳೆದಾಗಲೂ ಅಲಗಿನ ಮೇಲೆ ಗೀರು ಬೀಳುತ್ತದೆ. ಆಗಾಗ ನೀರು ಬಿಟ್ಟು ತೊಳೆದು ಒಣಗಿಸಿ.

ಚರ್ಮದ ಒರೆ ಚೆಂದ, ಸದ್ದಿಲ್ಲ. ಆದರೆ ಅದು ತೇವ ಹಿಡಿದಿಡುತ್ತದೆ, ಜುಲೈಯಲ್ಲಿ ಬೂಸ್ಟು ಬರುತ್ತದೆ. ಕೊಳ್ಳುವುದಾದರೆ ಹೊಲಿಗೆಯ ಬದಿ ನೋಡಿ, ಎರಡು ಪದರದ ನಡುವೆ ಇನ್ನೊಂದು ಚರ್ಮದ ಪಟ್ಟಿ ಇರಬೇಕು. ಇಲ್ಲದಿದ್ದರೆ ಅಲಗಿನ ಬಾಯಿ, ಅಂದರೆ ಹರಿತದ ಅಂಚು, ನೇರ ದಾರಕ್ಕೇ ತಾಗಿ ಕೊಯ್ಯುತ್ತದೆ. ಎಳೆಯುವಾಗ ಒರೆಯ ಆ ಬದಿಗೆ ಬೆರಳು ಸುತ್ತಿ ಹಿಡಿಯಲೇಬೇಡಿ.

ಬೆಲ್ಟಿನ ಕ್ಲಿಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತೋಟಕ್ಕೆ ಲುಂಗಿ ಉಟ್ಟು ಹೋಗುವವರಿಗೆ ಅದು ಸುಮ್ನೆ ಭಾರ.

ಈಗ ಚಾಕು. ಹಿಡಿಯ ತುದಿಯವರೆಗೂ ಅದೇ ಉಕ್ಕು ಒಂದೇ ತುಂಡಾಗಿ ಹೋಗಿದ್ದರೆ ಅದನ್ನು ಫುಲ್ ಟ್ಯಾಂಗ್ ಅನ್ನುತ್ತಾರೆ. ಒರಟು ಕೆಲಸಕ್ಕೆ ಅದೇ ಇರಲಿ. ಹಿಡಿಯ ಪಟ್ಟಿ ಮತ್ತು ಉಕ್ಕು ಸೇರುವ ಗೆರೆಯ ಮೇಲೆ ಉಗುರು ಎಳೆಯಿರಿ, ಸಿಕ್ಕಿಕೊಂಡರೆ ಸಂದಿ ಇದೆ, ಸಂದಿಯಲ್ಲಿ ನೀರು ನಿಲ್ಲುತ್ತದೆ, ತುಕ್ಕು ಒಳಗಿಂದಲೇ ಶುರು. ಚಾಕು ಒರೆಯಲ್ಲೇ ಇರಲಿ, ಅಂಗೈಗೆ ಎರಡು ಹನಿ ತೆಂಗಿನೆಣ್ಣೆ ಸವರಿ ಹಿಡಿ ಹಿಡಿದು ನೋಡಿ. ಕೈ ಜಾರಿ ಅಲಗಿನ ಬಾಯಿಯ ಕಡೆ ಹೋಗುತ್ತಾ? ಹಾಗಿದ್ದರೆ ಬಿಡಿ. ಹಲಸು ಕೊಯ್ಯುವವರಿಗೆ ಈ ಪರೀಕ್ಷೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಕೈ ಒರೆಸಿಕೊಂಡು ಚಾಕು ಹೊರತೆಗೆದು, ಅಲಗಿನ ಬಾಯಿ ಮೇಲೆ ಮಾಡಿ ಬಲ್ಬಿನ ಕೆಳಗೆ ಹಿಡಿಯಿರಿ. ಹರಿತ ಇರುವ ಕಡೆ ಬೆಳಕು ಮಿನುಗುವುದಿಲ್ಲ, ಮಿನುಗಿದ ಕಡೆ ಮೊಂಡು ಅಥವಾ ಚಕ್ಕೆ ಎದ್ದಿದೆ.

ಸ್ಟೀಲಿಗೆ ಬಂದರೆ, 1095 ಕಾರ್ಬನ್ ಸ್ಟೀಲ್ ಮಸೆಯಲು ಸುಲಭ, ಆದರೆ ಬೇಗ ತುಕ್ಕು. ಗೇರುಹಣ್ಣು, ಅಡಿಕೆಯ ಚೊಗರು ತಾಗಿದರೆ ಕಪ್ಪಾಗುತ್ತದೆ, ಅದು ದೋಷ ಅಲ್ಲ. ಡಿ2 ಹರಿತ ಚೆನ್ನಾಗಿ ಹಿಡಿಯುತ್ತದೆ, ಸಾದಾ ಕಲ್ಲಿನಲ್ಲಿ ಮಸೆಯಲು ಬೆವರು ಇಳಿಯುತ್ತದೆ. ಅದರಲ್ಲಿ ಸುಮಾರು 12 ಶೇಕಡಾ ಕ್ರೋಮಿಯಂ ಇದ್ದರೂ ಪೂರ್ತಿ ಸ್ಟೇನ್‌ಲೆಸ್ ಅಲ್ಲ. ನಮ್ಮ ಹವೆಗೆ 14ಸಿ28ಎನ್ ಅಥವಾ 420ಎಚ್‌ಸಿ ಎಂಬ ಸ್ಟೇನ್‌ಲೆಸ್ ಸ್ಟೀಲ್ ನೆಮ್ಮದಿ. ಬರೀ '440 ಸ್ಟೀಲ್' ಅಂತ ಬರೆದು ಎ, ಬಿ, ಸಿ ಯಾವುದೆಂದು ಹೇಳದಿದ್ದರೆ ನಂಬಬೇಡಿ. ಕಪ್ಪು ಲೇಪನ ನೋಡಿ ಮರುಳಾಗುವುದೂ ಬೇಡ, ಮಸೆದ ಬಾಯಿಗೆ ಲೇಪನ ಇರುವುದಿಲ್ಲ, ತುಕ್ಕು ಹಿಡಿಯುವುದು ಅಲ್ಲಿಂದಲೇ. ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ (ಮೈಲುತುತ್ತು, ಸುಣ್ಣದ ಮದ್ದು) ಸುಣ್ಣ ಸಾಕಾ ಅಂತ ನೋಡಲು ಈ ಚಾಕುವನ್ನು ಅದ್ದಬೇಡಿ. ಸುಣ್ಣ ಕಡಿಮೆ ಇದ್ದರೆ ಮೈಲುತುತ್ತಿನ ತಾಮ್ರ ಉಕ್ಕಿನ ಮೇಲೆ ಕೆಂಪಗೆ ಕೂರುತ್ತದೆ, ಆ ಕೆಲಸಕ್ಕೆ ಹಳೆ ಕತ್ತಿಯೇ ಸರಿ.

ಕಾನೂನೂ ನೋಡಿಕೊಳ್ಳಿ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದು, ಮನೆಕೆಲಸ, ಕೃಷಿಯಂಥ ಬಳಕೆಗೆ ಮಾಡಿದ್ದಲ್ಲದಿದ್ದರೆ ಅದು ಆಯುಧ ನಿಯಮಗಳ ಪಟ್ಟಿಯಲ್ಲಿ ಬರುತ್ತದೆ. 'ಟ್ಯಾಕ್ಟಿಕಲ್' ಅಂತ ಅಲಗಿನ ಮೇಲೇ ಕೊರೆದಿದ್ದರೆ ಇದು ತೋಟದ ಚಾಕು ಅಂತ ಪೊಲೀಸರಿಗೆ ಹೇಳಿ ಒಪ್ಪಿಸುವುದು ಕಷ್ಟ. 4-5 ಇಂಚಿನದು ಸಾಕು, ತೋಟದಿಂದ ಬಂದ ಮೇಲೆ ಮನೆಯಲ್ಲೇ ಇಟ್ಟು ಪೇಟೆಗೆ ಹೋಗಿ.