ಜುಲೈ ಮಳೇಲೂ ಮಕ್ಕಳ ಬಟ್ಟೆ ಒಣಗುತ್ತೆ: ನನ್ನ ಅನುಭವ

ಹೋದ ಮಳೆಗಾಲ ಪೂರ್ತಿ ನಮ್ಮನೇಲಿ ಒದ್ದೆ ಚಡ್ಡಿ ವಿಷಯಕ್ಕೆ ಒಂದೇ ಒಂದು ಜಗಳ ಆಗಿಲ್ಲ. ನಮ್ಮ ಕೊಡಗಿನ ಗಾಳಿಬೀಡು, ಭಾಗಮಂಡಲ ಕಡೆ ಚಿಕ್ಕ ಮಕ್ಕಳನ್ನ ಇಟ್ಕೊಂಡಿರೋರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತಾಗುತ್ತೆ, ಕುಶಾಲನಗರದವ್ರಿಗೆ ಗೊತ್ತಾಗಲ್ಲ ಬಿಡಿ, ಅವ್ರಿಗೆ ವರ್ಷ ಪೂರ್ತಿ ಬರೋ ಮಳೆ ನಮ್ಮ ಕಡೆ ಜುಲೈ ಒಂದ್ರಲ್ಲೇ ಸುರಿದು ಹೋಗಿರುತ್ತೆ. ನಮ್ಮತ್ತೆ ಮನೆ ಕುಶಾಲನಗರದಲ್ಲೇ. ಬಟ್ಟೆ ಒಣಗಿಸೋಕೇ ಅಂತ ನಾನು ಒಂದು ರೂಮು ಶುರು ಮಾಡಿದಾಗ ಅವ್ರ ಮಗಳಿಗೆ, ಅಂದ್ರೆ ನನ್ನ ಹೆಂಡತಿಗೆ, ಫೋನ್ ಮಾಡಿ, "ಅಳಿಯಂದ್ರು ಬಟ್ಟೆಗೊಂದು ಮನೆ ಕಟ್ತಿದಾರಂತಲ್ಲ, ಬೇರೆ ಕೆಲಸ ಇಲ್ವಾ" ಅಂದ್ರಂತೆ. ಹೋದ ಆಗಸ್ಟಲ್ಲಿ ಬಂದವರು ಹೋಗೋವಾಗ ಅವ್ರ ರೇಷ್ಮೆ ಸೀರೆ ಎರಡನ್ನ ನಮ್ಮ ರೂಮಲ್ಲೇ ಬಿಟ್ಟು ಹೋದ್ರು. ನಾನೇನೂ ಹೇಳೋಕೆ ಹೋಗ್ಲಿಲ್ಲ.

ನಮ್ಮನೆ ಲೆಕ್ಕ ಏನಂದ್ರೆ, ದೊಡ್ಡವಳು ಒಂದನೇ ಕ್ಲಾಸು, ಚಿಕ್ಕವನಿಗೆ ಇನ್ನೂ ಮೂರು ತುಂಬಿಲ್ಲ, ಲಂಗೋಟಿ ಬಿಟ್ಟಿಲ್ಲ. ಹೆಂಡತಿ ಮಡಿಕೇರಿಗೆ ಕೆಲಸಕ್ಕೆ ಹೋಗ್ತಾಳೆ, ಬೆಳಗ್ಗೆ ಎಂಟರ ಬಸ್ಸು. ನನಗೆ ಸ್ವಲ್ಪ ಕಾಫಿ, ಸ್ವಲ್ಪ ಮೆಣಸು, ಮಳೆ ಹಿಡಿದ್ಮೇಲೆ ತೋಟದಲ್ಲಿ ಅಂಥಾ ಕೆಲಸ ಇರಲ್ಲ, ಹಾಗಾಗಿ ಮದುವೆ ಆದಾಗಿಂದ್ಲೂ ಅಡುಗೆ ಅರ್ಧ ಅರ್ಧ, ಬಟ್ಟೆ ಪೂರ್ತಿ ನಂದು. ಅದಕ್ಕೆ ಊರಲ್ಲಿ ಅಂದವರು ಅಂದಿದಾರೆ. ಅನ್ನಲಿ. ತೊಂದ್ರೆ ಅದಲ್ಲ, ಜೂನ್ ಎರಡನೇ ವಾರದಿಂದ ಸೆಪ್ಟೆಂಬರ್ ತನಕ ನನ್ನ ಡಿಪಾರ್ಟ್‌ಮೆಂಟು ಫೇಲ್ ಆಗ್ತಿತ್ತು. ಬಸ್ಸಿಗೆ ಹತ್ತು ನಿಮಿಷ ಇರೋವಾಗ ಯೂನಿಫಾರ್ಮ್ ಸ್ಕರ್ಟಿನ ಸೊಂಟದ ಪಟ್ಟಿ ಇನ್ನೂ ತಣ್ಣಗೆ, ಇವ್ಳು ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ ಒತ್ತಿ ಒಣಗಿಸ್ತಾ ಇರ್ತಾಳೆ, ಆವಿ ಏಳ್ತಿರುತ್ತೆ, ಅಷ್ಟೊತ್ತಿಗೆ ಕರೆಂಟ್ ಹೋಗುತ್ತೆ, "ನಿನ್ನ ಕೈಲಿ ಆಗಲ್ಲ ಅಂದ್ರೆ ಹೇಳ್ಬಿಡು ಮಾರಾಯ" ಅಂತ ಇವ್ಳು, "ಮೋಡಕ್ಕೆ ಹೇಳು ಮಾರಾಯ್ತಿ" ಅಂತ ನಾನು. ಡಿಸಿ ಸಾಹೇಬ್ರು ಮಳೆ ರಜೆ ಕೊಟ್ರೆ ಮಕ್ಕಳಿಗಿಂತ ನನಗೆ ಖುಷಿ ಆಗ್ತಿತ್ತು.

ಮಾಡಿ ನೋಡಿದ್ದು ಒಂದೆರಡಲ್ಲ. ವರಾಂಡದಲ್ಲಿ ಹಗ್ಗ ಕಟ್ಟೋದು ಎಲ್ಲರೂ ಮಾಡೋದೇ, ನಮ್ಮಲ್ಲಿ ಅದು ಮೂರು ದಿನಕ್ಕೂ ಒಣಗಲ್ಲ, ಮುಗ್ಗಲು ವಾಸನೆ ಹಿಡಿದು ಮತ್ತೆ ಒಗಿಬೇಕು. ಅಮ್ಮ ಹಳೇ ಕ್ರಮ ಹೇಳಿದ್ರು, ಕೆಂಡದ ಮೇಲೆ ಬಿದಿರು ಬುಟ್ಟಿ ಕವುಚಿ ಅದರ ಮೇಲೆ ಬಟ್ಟೆ ಹಾಸೋದು, ಬಾಣಂತಿ ಮನೇಲಿ ಎಲ್ಲರೂ ನೋಡಿರ್ತೀರಿ. ಹತ್ತಿ ಬಟ್ಟೆಗೆ ಚೆನ್ನಾಗೇ ಆಗುತ್ತೆ, ಆದ್ರೆ ಈಗಿನ ಯೂನಿಫಾರ್ಮು ಅರ್ಧಕ್ಕರ್ಧ ಪಾಲಿಸ್ಟರ್, ಒಂದು ಕಿಡಿ ಹಾರಿದ್ರೆ ತೂತು, ಮೇಲಿಂದ ಹೊಗೆ ವಾಸನೆ, ಮಗಳ ಪಕ್ಕ ಕೂರೋ ಹುಡುಗಿ "ನಿಮ್ಮನೇಲಿ ದಿನಾ ಮೀನು ಸುಡ್ತಾರಾ" ಅಂತ ಕೇಳಿದ್ಲಂತೆ. ಅದಕ್ಕಿಂತ ಹೆಚ್ಚಾಗಿ, ಬಾಗಿಲು ಹಾಕಿದ ರೂಮಲ್ಲಿ ಕೆಂಡ ಇಟ್ಟು ಮಕ್ಕಳನ್ನ ಮಲಗಿಸೋದು ಬೇಡವೇ ಬೇಡ, ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ ವಾಸನೆ ಇಲ್ಲ, ನಿದ್ದೇಲೇ ಜೀವ ತೆಗೆಯುತ್ತೆ. ಹಳೇ ಮನೆಗೆ ಹಂಚಿನ ಸಂದೀಲಿ ಗಾಳಿ ಆಡ್ತಿತ್ತು, ಈಗ ಎಲ್ಲಾ ಕಡೆ ಆರ್‌ಸಿಸಿ, ಗ್ಲಾಸು.

ಆಮೇಲೆ ರೂಮ್ ಹೀಟರ್, 2000 ವ್ಯಾಟಿಂದು. ಬಟ್ಟೆ ಒಣಗಿತು, ಬಟ್ಟೇಲಿದ್ದ ನೀರೆಲ್ಲ ಹೋಗಿ ಗೋಡೇಲಿ ಕೂತಿತು. ಬೀರು ಹಿಂದೆ ಬೂಷ್ಟು ಹಸಿರಾಗಿ, ಹದಿನೈದು ದಿನಕ್ಕೆ ಮದುವೆ ಆಲ್ಬಂ ಅಂಟ್ಕೊಂಡ್ಬಿಡ್ತು. ಬಿಲ್ ನೋಡಿ ಇವ್ಳು ಹೀಟರ್ ಅಟ್ಟಕ್ಕೆ ಹಾಕಿದ್ಲು. ಪೇಟೆ ಡಯಾಪರಿಗೆ ಹೋದ್ವಿ, ಒಂದಕ್ಕೆ ಹತ್ತು ಹನ್ನೆರಡು ರೂಪಾಯಿ, ದಿನಕ್ಕೆ ಆರೇಳು, ತಿಂಗಳಿಗೆ ಎರಡು ಎರಡೂವರೆ ಸಾವಿರ. ಸರಿ ದುಡ್ಡು ಹೋಗ್ಲಿ, ಅದನ್ನ ಎಲ್ಲಿ ಬಿಸಾಡ್ತೀರಿ, ತೋಟದಲ್ಲಿ ಹೂತ್ರೆ ನಾಯಿ ಎಳೆಯುತ್ತೆ, ಸುಡೋಕೆ ಮಳೆ ಬಿಡಲ್ಲ, ಸುಡಬಾರ್ದೂ ಕೂಡ. ಅವನ ತೊಡೆ ಸಂದಿ ಕೆಂಪಾಗಿದ್ದು ಬೇರೆ.

ಎಲ್ಲಕ್ಕಿಂತ ದೊಡ್ಡ ಟೋಪಿ ಬಿದ್ದಿದ್ದು ಆನ್‌ಲೈನಲ್ಲಿ ತರಿಸಿದ ಚಿಕ್ಕ ಡಿಹ್ಯೂಮಿಡಿಫೈಯರು, ಗಾಳೀಲಿರೋ ತೇವ ಎಳೆದು ನೀರು ಮಾಡೋ ಮೆಷಿನ್ನು. ಐದು ಐದೂವರೆ ಸಾವಿರ ಕೊಟ್ಟಿರ್ಬೇಕು. ಕಂಪ್ರೆಸರ್ ಇಲ್ಲದ ಪೆಲ್ಟಿಯರ್ ಮಾದರಿ ಅದು, ದಿನವಿಡೀ ಓಡಿದ್ರೆ ಒಂದು ಲೋಟ ನೀರು ಹಿಡಿಯುತ್ತೆ. ನಮ್ಮನೆ ಒಂದು ಒಗೆತದ ಬಟ್ಟೆ, ಒಣಗಿದ್ದು ನಾಲ್ಕು ಕೇಜಿ ಅಂದ್ಕೊಳ್ಳಿ, ಮೆಷಿನ್ನಲ್ಲಿ ಹಿಂಡಿದ ಮೇಲೂ ಎರಡೂವರೆ ಲೀಟರ್ ನೀರು ಒಳಗೇ ಇರುತ್ತೆ. ಒಂದು ಲೋಟ ಯಾವ ಮೂಲೆಗೆ! ಅದು ಈಗ ಇವ್ಳ ಬೆಳ್ಳಿ ಸಾಮಾನಿನ ಬೀರುವಲ್ಲಿದೆ, ಅಷ್ಟಕ್ಕೆ ಸರಿ.

ಈ ಎರಡೂವರೆ ಲೀಟರ್ ನನಗೆ ಗೊತ್ತಾಗಿದ್ದು ತಕ್ಕಡಿ ಇಟ್ಟ ಮೇಲೆ. ಕಾಫಿ ಮಾರೋವಾಗ ತೇವಾಂಶ ನೋಡದೆ ಯಾರೂ ಕೊಡಲ್ಲ, ಬಟ್ಟೆಗ್ಯಾಕೆ ನೋಡಬಾರ್ದು ಅಂತ ಅಡುಗೆ ಮನೆ ಡಿಜಿಟಲ್ ತಕ್ಕಡಿ ತಂದು ಒಂದು ಲಂಗೋಟಿ ಒಣಗಿದ್ದು ಎಷ್ಟು, ಹಿಂಡಿದ್ದು ಎಷ್ಟು ಅಂತ ಬರೀತಾ ಹೋದೆ. ಒಣಗಿದ್ದು ತೊಂಬತ್ತು ಗ್ರಾಂ ಚಿಲ್ಲರೆ, ನಮ್ಮ ಫುಲ್ ಆಟೋಮ್ಯಾಟಿಕ್ ಟಾಪ್‌ಲೋಡಲ್ಲಿ ಹಿಂಡಿದ್ದು ನೂರಾ ಅರವತ್ತರ ಹತ್ರ. ಅದನ್ನೇ ಅಮ್ಮನ ಹಳೇ ಸೆಮಿ ಆಟೋಮ್ಯಾಟಿಕ್ಕಿನ ಡ್ರೈಯರ್ ತೊಟ್ಟೀಲಿ ಐದು ನಿಮಿಷ ತಿರುಗಿಸಿದ್ರೆ ನೂರಾ ಮೂವತ್ತಕ್ಕೆ ಇಳೀತು. ಟಾಪ್‌ಲೋಡು ನಿಮಿಷಕ್ಕೆ ಏಳ್ನೂರು ಸುತ್ತು ತಿರುಗಿದ್ರೆ ಹೆಚ್ಚು, ಆ ಹಳೇ ತೊಟ್ಟಿ ಸಾವಿರದ ಮುನ್ನೂರರ ಮೇಲೆ ತಿರುಗುತ್ತೆ. ಅಂದ್ರೆ ಅರ್ಧ ಕೆಲಸ ಪುಕ್ಕಟೆ ಆಗ್ತಿತ್ತು, ನಾವು ಆ ಮೆಷಿನ್ನ ಕೋಳಿ ಗೂಡಿನ ಪಕ್ಕ ಇಟ್ಟಿದ್ವಿ. ಈಗ ಒಗೆಯೋದು ಹೊಸದ್ರಲ್ಲಿ, ಹಿಂಡೋದು ಹಳೇದ್ರಲ್ಲಿ. ಹೆಂಡತಿ ತಕ್ಕಡಿ ವಾಪಸ್ ಕೇಳಿದಾಗ ಹೊಸ ತಕ್ಕಡಿ ತಂದ್ಕೊಟ್ಟೆ, ಲಂಗೋಟಿ ಇಟ್ಟ ತಟ್ಟೇಲಿ ಹಿಟ್ಟು ತೂಗಲ್ಲ ಅಂದ್ಲು, ನ್ಯಾಯವೇ.

ಇನ್ನು ರೂಮು. ಬಚ್ಚಲ ಪಕ್ಕ ಹಳೇ ಸೌದೆ ಕೊಟ್ಟಿಗೆ, ಎಂಟಡಿ ಆರಡಿ ಇರಬಹುದು. ಬಚ್ಚಲೊಲೆ ಹೇಗೂ ಬೆಳಗ್ಗೆ ಸಂಜೆ ಉರಿಯುತ್ತೆ, ಆ ಬಿಸಿಯೆಲ್ಲ ಚಿಮಿಣೀಲಿ ಸುಮ್ನೆ ಮೇಲೆ ಹೋಗ್ತಿತ್ತು. ಆ ಹೊಗೆ ಪೈಪನ್ನ ನೇರ ಮೇಲೆ ಬಿಡೋ ಬದಲು ಕೊಟ್ಟಿಗೆ ಒಳಗೆ ಓರೆಯಾಗಿ ಹತ್ತಿಸಿ ಆ ಕಡೆಯಿಂದ ಶೀಟಿನ ಮೇಲೆ ತೆಗೆದೆ. ಒಲೆ ಬಾಯಿ ಹೊರಗಡೆ, ರೂಮಿಗೆ ಬರೋದು ಪೈಪಿನ ಬಿಸಿ ಮಾತ್ರ. ಜಾಯಿಂಟಿಗೆಲ್ಲ ಬೆಂಕಿ ತಡೆಯೋ ಸಿಮೆಂಟು, ಪೈಪ್ ಸುತ್ತ ಒಂದೂವರೆ ಅಡಿ ಬಿಟ್ಟು ಕೋಳಿ ಮೆಶ್ಶು, ಮಕ್ಕಳ ಕೈಗೆ ಸಿಗದ ಹಾಗೆ ಬಾಗಿಲ ಚಿಲಕ ಮೇಲೆ, ಮತ್ತೆ ಒಂದು ಮಾನಾಕ್ಸೈಡ್ ಅಲಾರಾಂ. ಅಲಾರಾಂ ಬೇಡ, ಒಂದೂವರೆ ಸಾವಿರ ದಂಡ ಅಂದ ವೆಲ್ಡರ್ ಹುಡುಗನಿಗೆ ಮೊದ್ಲು ಅದನ್ನೇ ಹಾಕೋ ಅಂದೆ.

ಮೊದಲನೇ ಜೂನಲ್ಲಿ ಪೈಪ್ ಬಿಸಿ ಒಂದೇ ನಂಬ್ಕೊಂಡಿದ್ದೆ. ರೂಮು ಬೆಚ್ಚಗಾಯ್ತು, ಬಟ್ಟೆ ಬೆಂದ ಹಾಗೆ ಬಿಸಿಯಾಗಿ ಒದ್ದೆಯಾಗೇ ಇತ್ತು. ಪಕ್ಕದ ತೋಟದ ಅಣ್ಣ ಬಂದು ನೋಡಿ "ಇದ್ರಲ್ಲಿ ಕಡುಬು ಬೇಯಿಸ್ಬಹುದು" ಅಂತ ಹೇಳಿ ನಕ್ಕೊಂಡು ಹೋದ್ರು, ಊರೆಲ್ಲ ಸುದ್ದಿ. ಆಮೇಲೆ ಸರಿಯಾದ ಕಂಪ್ರೆಸರ್ ಡಿಹ್ಯೂಮಿಡಿಫೈಯರ್ ತಗೊಂಡೆ, ಹದಿನಾರು ಸಾವಿರದ ಆಸುಪಾಸು, ದಿನಕ್ಕೆ ಹನ್ನೆರಡು ಲೀಟರ್ ಅಂತ ಬರ್ದಿತ್ತು. ಆ ಹನ್ನೆರಡು ಲೀಟರ್ ಲೆಕ್ಕ 30 ಡಿಗ್ರಿ ಸೆಕೆಗೆ ಸ್ವಾಮೀ, ನಮ್ಮ ಜುಲೈ 18-20 ಡಿಗ್ರೀಲಿ ಅರ್ಧನೂ ಬರಲ್ಲ. ಇವ್ಳ ಆಫೀಸಲ್ಲಿ ಒಬ್ರು ಇಂಥದ್ದೇ ಒಂದು ತಂದು, ಆಗಲ್ಲ ಅಂತ ಮಾರಿಬಿಟ್ಟಿದ್ರು, ಅದಕ್ಕೇ "ಮತ್ತೊಂದು ಹೀಟರ್ ಕತೆ ಆಗುತ್ತೆ ನೋಡು" ಅಂತ ಇವ್ಳಿಗೂ ಅನುಮಾನ.

ಎರಡನ್ನೂ ಒಟ್ಟಿಗೆ ಇಟ್ಟಾಗ್ಲೇ ದಾರಿ ಸಿಕ್ಕಿದ್ದು. ಪೈಪು ರೂಮನ್ನ 26-27ಕ್ಕೆ ತರುತ್ತೆ, ಆ ಬಿಸೀಲಿ ಮೆಷಿನ್ ಚೆನ್ನಾಗಿ ನೀರು ಎಳೆಯುತ್ತೆ. ಸಂಜೆ ಆರಕ್ಕೆ ಹಾಕಿದ ಬಟ್ಟೆ ರಾತ್ರಿ ಹನ್ನೊಂದರೊಳಗೆ ಮಡಚೋ ಹಾಗಿರುತ್ತೆ, ದಪ್ಪ ಸ್ವೆಟರ್, ಜೀನ್ಸು ಬಿಟ್ಟು. ಕರೆಂಟು ಒಂದೂವರೆ ಯೂನಿಟ್ ಆಗಬಹುದು, ಹತ್ತು ರೂಪಾಯಿ ಅಂದ್ಕೊಳ್ಳಿ. ಒಂದು ವಿಷಯ, ಮೆಷಿನ್ ಓಡೋವಾಗ ಕಿಟಕಿ, ಎಕ್ಸಾಸ್ಟ್ ಎಲ್ಲಾ ಬಂದ್ ಇರ್ಬೇಕು, ಇಲ್ಲ ಅಂದ್ರೆ ಇಡೀ ಬೆಟ್ಟದ ಮಂಜನ್ನ ಒಣಗಿಸೋಕೆ ಹೊರಟ ಹಾಗೆ. ಕರೆಂಟ್ ಹೋದ ದಿನ, ಅಂದ್ರೆ ವಾರದಲ್ಲಿ ಮೂರು ನಾಲ್ಕು ದಿನ, ಉಲ್ಟಾ: ಮೇಲಿನ ಕಿಂಡಿ ತೆರೆದು ಕೆಳಗಿಂದ ಸ್ವಲ್ಪ ಗಾಳಿ ಬಿಟ್ಟು ಒಲೆಗೆ ಎರಡು ಸಿಲ್ವರ್ ಓಕ್ ತುಂಡು ಜಾಸ್ತಿ. ನಿಧಾನ, ಆದ್ರೆ ಬೆಳಗ್ಗೆ ಬಸ್ಸಿಗೆ ಯೂನಿಫಾರ್ಮ್ ರೆಡಿ. ಇನ್ವರ್ಟರಲ್ಲಿ ಒಂದು ಸಣ್ಣ ಫ್ಯಾನ್ ಮಾತ್ರ. ಆ ಫ್ಯಾನ್ ಎಲ್ಲಿ, ಯಾವ ಕಡೆ ಮುಖ ಮಾಡಿ ಇಡ್ಬೇಕು ಅನ್ನೋದ್ರಲ್ಲೇ ಎರಡು ಗಂಟೆ ವ್ಯತ್ಯಾಸ ಬರುತ್ತೆ, ಅದು ಇಲ್ಲಿ ಬರೆಯಲ್ಲ, ನನ್ನ ಹತ್ರ ಏನಾದ್ರೂ ಉಳೀಬೇಕಲ್ಲ. ಬಟ್ಟೆ ಮಧ್ಯೆ ನಾಲ್ಕು ಬೆರಳು ಜಾಗ, ಜೇಬು ಹೊರಗೆ ಎಳೆದಿರ್ಬೇಕು, ಸ್ಕರ್ಟು ತಲೆಕೆಳಗೆ, ಕಾಲ್ಚೀಲ ಪೈಪಿಗೆ ಹತ್ರ ಇರೋ ಗಳುವಿಗೆ, ಇಷ್ಟು ಸಾಕು.

ಖರ್ಚು ಬರೆದಿಟ್ಟಿಲ್ಲ, ನೆನಪಿಂದ ಹೇಳ್ತೀನಿ: ಮೆಷಿನ್ ಹದಿನಾರು, ಪೈಪು ವೆಲ್ಡಿಂಗ್ ಮೂರೂವರೆ ನಾಲ್ಕು, ಎಕ್ಸಾಸ್ಟು, ಮೆಶ್ಶು, ಅಲಾರಾಂ, ಹಾಳುಮೂಳು ಸೇರಿ ಇಪ್ಪತ್ತೈದು ಸಾವಿರದ ಒಳಗೆ. ಹೀಟರು, ಪೆಲ್ಟಿಯರು, ಎರಡು ಮಳೆಗಾಲದ ಡಯಾಪರು, ನಾಲ್ಕನೇ ಜೊತೆ ಯೂನಿಫಾರ್ಮು ಎಲ್ಲಾ ಸೇರಿಸಿದ್ರೆ ಸುಮ್ನೆ ಕಳ್ಕೊಂಡಿದ್ದೂ ಅಷ್ಟೇ ಇದೆ.

ರೂಮಾದ ಮೇಲೆ ಸುಮ್ನಿರೋಕಾಗುತ್ತಾ, ಹಲಸಿನ ಹಪ್ಪಳ ಒಣಗಿಸಿದೆ, ಹಪ್ಪಳ ಬಹಳ ಚೆನ್ನಾಗಿ ಬಂತು, ಒಂದು ವಾರ ಇವ್ಳ ಚೂಡಿದಾರೆಲ್ಲ ಹಲಸು, ಬಸ್ಸಲ್ಲಿ ಯಾರೋ ಹಣ್ಣು ತಂದಿದೀರಾ ಅಂತ ಕೇಳಿದ್ರಂತೆ, ಹಪ್ಪಳಕ್ಕೆ ಪರ್ಮಿಷನ್ ಕ್ಯಾನ್ಸಲ್. ಶೂ ಒಳಗೆ ಪೇಪರ್ ತುರುಕಿ ಕೆಳಗಿನ ಹಲಗೆ ಮೇಲಿಟ್ರೆ ಬೆಳಗ್ಗೆ ಒಣಗಿರುತ್ತೆ. ಜಿಗಣೆ ಕಾಲ್ಚೀಲದಲ್ಲೇ ಒಳಗೆ ಬಂದ್ರೆ ಬಿಸಿಗೆ ತಾನೇ ಉದುರುತ್ತೆ, ಗುಡಿಸಿ ಉಪ್ಪು ಹಾಕಿ. ಮದ್ದು ಸೊಪ್ಪು ಅಂತ ನಮ್ಮ ಕಡೆ ಒಂದು ಔಷಧಿ ಸೊಪ್ಪಿದೆ, ಅದರ ಕಲೆಗೆ ಮಾತ್ರ ನನಗಿನ್ನೂ ಮದ್ದು ಸಿಕ್ಕಿಲ್ಲ: ಆಗಸ್ಟ್ 3ಕ್ಕೆ, ಅಂದ್ರೆ ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಮ್ಮ ಆ ಸೊಪ್ಪಿನ ಪಾಯಸ ಮಾಡಿ ಚಿಕ್ಕವನಿಗೂ ಎರಡು ಚಮಚ ತಿನ್ಸಿದ್ರು, ಮಾರನೇ ದಿನ ಲಂಗೋಟಿ ಎಲ್ಲಾ ಕೆಂಪು ನೇರಳೆ, ಗೊತ್ತಿದ್ರೂ ಎದೆ ಒಂದ್ಸಲ ಝಲ್ ಅಂತು. ಸೊಪ್ಪಿನ ಗುಣ ಅದು, ಮೂತ್ರಕ್ಕೆ ಬಣ್ಣ ಬರುತ್ತೆ, ಬಟ್ಟೇಲಿ ಇನ್ನೂ ಇದೆ. ಇನ್ನೊಂದು, ಪಾಪು ಬಟ್ಟೆ ಮಧ್ಯೆ ನುಸಿಗುಳಿಗೆ, ಅದೇ ನ್ಯಾಫ್ತಲೀನ್ ಉಂಡೆ, ಇಡಬೇಡಿ. ರಕ್ತದಲ್ಲಿ ಜಿ-ಸಿಕ್ಸ್-ಪಿಡಿ ಅನ್ನೋ ಕಿಣ್ವದ ಕೊರತೆ ಇರೋ ಕೂಸಿಗೆ ಆ ಗಾಳಿಗೇ ರಕ್ತ ಒಡೆದು ಕಾಮಾಲೆ ಆಗಬಹುದು, ಕೊರತೆ ಇದೆ ಅಂತ ಎಷ್ಟೋ ಮನೇಲಿ ಗೊತ್ತೇ ಇರಲ್ಲ. ಬಟ್ಟೆ ಪೂರ್ತಿ ಒಣಗಿದ್ರೆ ಗುಳಿಗೆ ಬೇಕಾಗೇ ಇಲ್ಲ.

ಇನ್ನೊಂದು ಲಾಭ ನಾನು ಲೆಕ್ಕ ಹಾಕಿರ್ಲಿಲ್ಲ. ಜುಲೈಲಿ ಇಡೀ ಮನೇಲಿ ಒಣಗಿದ, ಬೆಚ್ಚಗಿರೋ ಜಾಗ ಅದೊಂದೇ. ಮಕ್ಕಳು ಮಲಗಿದ ಮೇಲೆ ಇಬ್ರೂ ಅಲ್ಲಿ ಮಣೆ ಹಾಕ್ಕೊಂಡು ಕೂತು ಬಟ್ಟೆ ಮಡಚ್ತೀವಿ, ಇವ್ಳು ಆಫೀಸ್ ಕತೆ, ನಾನು ತೋಟದ್ದು, ಕೆಲವು ಸಲ ಹಾಲಿಲ್ಲದ ಕಟ್ಟಂಕಾಪಿ. ಟಿವಿ ಮುಂದೆ ಕೂತು ಇಷ್ಟು ಮಾತಾಡಿದ್ದು ನೆನಪಿಲ್ಲ. ಕಾಲ್ಚೀಲ ಜೋಡಿ ಮಾಡೋದು ಮಾತ್ರ ಅವ್ಳೇ ಮಾಡ್ಬೇಕಂತೆ, ನಾನು ಮಾಡಿದ್ರೆ ಎರಡೂ ಎಡಗಾಲಿಂದೇ ಆಗುತ್ತೆ ಅಂತ ಅವ್ಳ ವಾದ, ಕಾಲ್ಚೀಲಕ್ಕೆ ಎಡ ಬಲ ಎಲ್ಲಿಂದ ಬಂತು ಅಂತ ನಾನು ಕೇಳೋಕೆ ಹೋಗಿಲ್ಲ.

ತಗಡಿನ ಪೈಪು ಈ ಹೊಗೆಗೆ ಮೂರು ವರ್ಷಕ್ಕಿಂತ ಜಾಸ್ತಿ ಬಾಳಲ್ಲ ಅಂತ ವೆಲ್ಡರ್ ಹೇಳ್ತಾನೆ, ತಿಂಗಳಿಗೊಮ್ಮೆ ಮಸಿ ಕೆಡವ್ಬೇಕು ಬೇರೆ. ಸ್ಟೇನ್‌ಲೆಸ್ ಸ್ಟೀಲಿಂದು ಕೇಳಿದೆ, ಎಂಟು ಸಾವಿರ ಅಂದ. ಕಾಫಿ ಕುಯ್ಲು ಮುಗೀಲಿ, ನೋಡೋಣ. ಕಡುಬು ಅಂದಿದ್ದ ಪಕ್ಕದ ತೋಟದ ಅಣ್ಣ ಹೋದ ವಾರ ಟೇಪು ತಗೊಂಡು ಬಂದು ರೂಮಿನ ಅಳತೆ ತಗೊಂಡು ಹೋದ್ರು, ಮೊಮ್ಮಗು ಬರುತ್ತಂತೆ ಮಾರ್ಚಲ್ಲಿ. ಫ್ಯಾನ್ ಜಾಗ ಅವ್ರಿಗೂ ಹೇಳಿಲ್ಲ.