ಅಡುಗೆಮನೆಯ ಕಾಳಿನಲ್ಲಿ ರೋಮನ್ ಪಡೆ ನಿಲ್ಲಿಸುವುದು ಹೇಗೆ?

ರೋಮನ್ ಸೈನ್ಯದ ಮೂರು ಸಾಲುಗಳ ಬಗ್ಗೆ ಎಷ್ಟು ಓದಿದರೂ ನನಗೆ ಅದು ಕಣ್ಣಿಗೆ ಕಟ್ಟಿರಲಿಲ್ಲ. ಒಂದು ದಿನ ಊಟದ ಮೇಜಿನ ಮೇಲೆ ಕಾಳು ಜೋಡಿಸಿ ನೋಡಿದೆ. ಆಗ ಹೊಳೆಯಿತು. ನೀವೂ ಮಾಡಿ ನೋಡಿ, ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಳ್ಳಿ.

ಬೇಕಾಗುವುದು: ಸಾಸಿವೆ 60, ಹೆಸರುಕಾಳು 60, ಕಡಲೆಕಾಳು 60, ಅವರೆಕಾಳು 30. ಒಂದು ಕಾಳು ಅಂದರೆ 20 ಜನ. 210 ಕಾಳಿಗೆ 4,200 ಕಾಲಾಳು. ಕ್ರಿ.ಪೂ. 2ನೇ ಶತಮಾನದ ಇತಿಹಾಸಕಾರ ಪಾಲಿಬಿಯಸ್ ರೋಮನ್ ಸೈನ್ಯದ ಒಂದು ದೊಡ್ಡ ದಳಕ್ಕೆ, ಅಂದರೆ ಲೀಜನ್‌ಗೆ ಕೊಡುವ ಲೆಕ್ಕ ಇದೇ. 300 ಕುದುರೆ ಸವಾರರೂ ಇದ್ದರು, ಅವರನ್ನು ಸದ್ಯಕ್ಕೆ ಬಿಡೋಣ.

ಹಂತ 1: ಹೆಸರುಕಾಳನ್ನು ಆರಾರರಂತೆ ಹತ್ತು ಗುಡ್ಡೆ ಮಾಡಿ ಮುಂದೆ ಸಾಲಾಗಿ ಇಡಿ. ಒಂದೊಂದು ಗುಡ್ಡೆಯೂ 120 ಜನರ ಒಂದು ತುಕಡಿ, ಅಂದರೆ ಮ್ಯಾನಿಪಲ್. ಇವರು ಹಸ್ತಾತಿ, ಏರು ಪ್ರಾಯದವರು. ಕೈಯಲ್ಲಿ ಎಸೆಯುವ ಭರ್ಜಿ ಎರಡು, ಸೊಂಟದಲ್ಲಿ ಗಿಡ್ಡ ಕತ್ತಿ, ಮೈ ಮುಚ್ಚುವಷ್ಟು ದೊಡ್ಡ ಗುರಾಣಿ. ಎದೆಗೆ ಸುಮಾರು ಒಂದು ಗೇಣಗಲದ ಲೋಹದ ತಗಡು, ಅಷ್ಟೇ. ಸರಪಳಿ ಅಂಗಿ ದುಡ್ಡಿದ್ದವರಿಗೆ ಮಾತ್ರ.

ಗುಡ್ಡೆಗಳ ನಡುವೆ ಒಂದು ಗುಡ್ಡೆಯಷ್ಟೇ ಅಗಲದ ಜಾಗ ಖಾಲಿ ಬಿಡಿ. ಇದನ್ನು ಮರೆಯಬೇಡಿ.

ಹಂತ 2: ಕಡಲೆಯನ್ನೂ ಹಾಗೇ ಹತ್ತು ಗುಡ್ಡೆ ಮಾಡಿ, ಹೆಸರಿನ ಹಿಂದೆ ಇಡಿ. ನೇರ ಹಿಂದೆ ಅಲ್ಲ. ಗಾರೆಯವರು ಕೆಳಗಿನ ಸಂದಿನ ಮೇಲೆ ಇಟ್ಟಿಗೆ ಕೂರಿಸುತ್ತಾರಲ್ವಾ, ಹಾಗೆ ಖಾಲಿ ಜಾಗಕ್ಕೆ ಎದುರಾಗಿ. ಇವರು ಪ್ರಿಂಕಿಪೆಸ್, ಕಟ್ಟುಮಸ್ತಾದ ನಡುಪ್ರಾಯದವರು. ಆಯುಧ ಅವೇ.

ಹಂತ 3: ಅವರೆಯನ್ನು ಮೂರು ಮೂರರಂತೆ ಹತ್ತು ಗುಡ್ಡೆ ಮಾಡಿ, ಕಡಲೆಯ ಸಂದುಗಳಿಗೆ ಎದುರಾಗಿ ಕೊನೆಯಲ್ಲಿ ಇಡಿ. ಇವರು ಟ್ರಿಯಾರಿ, ಎಲ್ಲರಿಗಿಂತ ಹಿರಿಯರು. ಇವರದು ಎಸೆಯುವ ಭರ್ಜಿಯಲ್ಲ, ತಿವಿಯುವ ಉದ್ದ ಈಟಿ. ಎಡಗಾಲು ಮುಂದೆ ಚಾಚಿ, ಮೊಣಕಾಲೂರಿ, ಗುರಾಣಿಯನ್ನು ಭುಜಕ್ಕೆ ಒರಗಿಸಿ ಕಾಯುತ್ತಿದ್ದರು. ಅವರ ಸರದಿ ಬಂತೆಂದರೆ ಪರಿಸ್ಥಿತಿ ಕೈಮೀರಿದೆ ಅಂತಲೇ ಅರ್ಥ. ‘ಮಾತು ಟ್ರಿಯಾರಿಗೆ ಬಂತು’ ಅನ್ನುವುದು ರೋಮನ್ನರಲ್ಲಿ ಗಾದೆಯೇ ಆಗಿಹೋಗಿತ್ತು.

ಹಂತ 4: ಸಾಸಿವೆಯನ್ನು ಎಲ್ಲರ ಮುಂದೆ ಚೆಲ್ಲಿ. ವೆಲಿಟೆಸ್, ಅಂದರೆ ತೀರಾ ಚಿಕ್ಕವರು ಮತ್ತು ಬಡವರು. ಹಗುರ ಭರ್ಜಿ, ಸಣ್ಣ ದುಂಡು ಗುರಾಣಿ. ಕೆಲವರು ತಲೆಯ ಮೇಲೆ ತೋಳದ ಚರ್ಮ ಹೊದೆಯುತ್ತಿದ್ದರು. ಯಾರು ಧೈರ್ಯವಾಗಿ ಕಾದಾಡುತ್ತಿದ್ದಾರೆ ಅಂತ ಮೇಲಿನವರಿಗೆ ದೂರದಿಂದ ಗುರುತು ಸಿಗಲಿ ಅಂತ. ಗೆದ್ದು ತೋರಿಸಬೇಕೆಂಬ ಆ ಹುಡುಗರ ಆಸೆ ನೆನೆದರೆ ನನಗೆ ಹೊಟ್ಟೆ ಚುರ್ ಅನ್ನುತ್ತದೆ.

ಹಂತ 5: ಈಗ ಆಡಿಸಿ. ಸಾಸಿವೆ ಭರ್ಜಿ ಎಸೆದು ಸಂದುಗಳಲ್ಲಿ ನುಗ್ಗಿ ಹಿಂದೆ ಹೋಗಲಿ. ಹೆಸರು ಕಾದಾಡಲಿ. ಸೋತು ಸುಸ್ತಾದರೆ ಕಡಲೆಯ ನಡುವಿನಿಂದ ಹಿಂದೆ ಸರಿಯಲಿ, ಕಡಲೆ ಮುಂದೆ ಬರಲಿ. ಒಂದೇ ಗೋಡೆಯಂತೆ ನಿಲ್ಲುವ ಪಡೆಗೆ ಈ ಅನುಕೂಲ ಇಲ್ಲ. ಮೊದಲು ರೋಮನ್ನರೂ ಗ್ರೀಕರ ಹಾಗೆ ಗೋಡೆಯಾಗಿಯೇ ನಿಲ್ಲುತ್ತಿದ್ದರು. ಈ ಖಾಲಿ ಜಾಗವೇ ಅವರ ದೊಡ್ಡ ಬಲ ಅಂತ ನನಗೆ ಕಾಣುತ್ತದೆ.

ಸಂಶಯ ಇದ್ದರೆ ಗುಡ್ಡೆಗಳನ್ನೆಲ್ಲ ಒತ್ತಾಗಿ ಸೇರಿಸಿ. ಕ್ರಿ.ಪೂ. 216ರಲ್ಲಿ ಇಟಲಿಯ ಕ್ಯಾನೆ ಕದನದಲ್ಲಿ ರೋಮನ್ನರು ಹೀಗೇ ಒತ್ತೊತ್ತಾಗಿ ನಿಂತರು. ಶತ್ರು ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್ ಸುತ್ತುವರಿದಾಗ ಅವರಿಗೆ ಅಲುಗಾಡಲೂ ಜಾಗ ಇರಲಿಲ್ಲ.

ಕೊನೆಗೆ ಕ್ರಿ.ಪೂ. 202ರ ಜಾಮಾ ಕದನ, ಮತ್ತೆ ಹ್ಯಾನಿಬಲ್ ಎದುರೇ. ಕಡಲೆ, ಅವರೆ ಎರಡನ್ನೂ ಸರಿಸಿ ಹೆಸರಿನ ನೇರ ಹಿಂದೆ ತನ್ನಿ. ಮುಂದಿನಿಂದ ಹಿಂದಿನವರೆಗೆ ಓಣಿಗಳು ತೆರೆದುಕೊಳ್ಳುತ್ತವೆ. ರೋಮನ್ ಸೇನಾಪತಿ ಸಿಪಿಯೊ ಮಾಡಿದ್ದು ಇದನ್ನೇ. ಓಣಿಗಳ ಬಾಯಿ ಶತ್ರುವಿಗೆ ಕಾಣದಿರಲೆಂದು ಅವುಗಳ ಮುಂದೆ ಸಾಸಿವೆ ನಿಲ್ಲಿಸಿದ್ದ. ಹ್ಯಾನಿಬಲ್‌ನ ಆನೆಗಳಿಗೆ ನಾನು ಹುಣಸೆಬೀಜ ಇಟ್ಟುಕೊಂಡೆ. ಒಂದು ಬೀಜವನ್ನು ಬೆರಳಲ್ಲಿ ತಳ್ಳಿ ನೋಡಿ. ಸಾಸಿವೆ ಪಕ್ಕಕ್ಕೆ ಸರಿಯುತ್ತದೆ, ಬೀಜ ಒಂದು ಗುಡ್ಡೆಗೂ ತಾಕದೆ ಮೇಜಿನ ಆ ತುದಿಗೆ ಹೋಗಿ ನಿಲ್ಲುತ್ತದೆ.